ಕಾರ್ಬನ್ ಎಂದು ಮಾರುವ ಟಂಗ್‌ಸ್ಟನ್ ಬಲ್ಬ್

ಪೆಟ್ಟಿಗೆಯ ಮೇಲೆ ‘ಎಡಿಸನ್ ಕಾರ್ಬನ್ ಫಿಲಮೆಂಟ್ ಬಲ್ಬ್’ ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ. ಕೆಳಗೆ 1879 ಎಂಬ ಇಸವಿ. ಒಳಗೆ 40 ವ್ಯಾಟಿನ ಆರು ಬುರುಡೆಗಳು. ಹಾಸನದಲ್ಲಿ ಕಾಫಿ ಅಂಗಡಿ ತೆರೆಯುತ್ತಿರುವ ನನ್ನ ತಂಗಿಯ ಮಗಳು ಇವನ್ನೇ ಹಾಕಬೇಕೆಂದು ಹಟ ಹಿಡಿದು ಆನ್‌ಲೈನ್‌ನಲ್ಲಿ ತರಿಸಿದಳು. ವೈರಿಂಗ್ ಮತ್ತು ಮೋಟಾರ್ ರಿವೈಂಡಿಂಗ್ ನನ್ನ ಕಸುಬಾದ್ದರಿಂದ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಸಾಮಾನೇ ಆಗಲಿ, ಕರೆಂಟು ಕೊಡುವ ಮೊದಲು ಮೀಟರ್ ಹಿಡಿದು ನೋಡುವುದು ನನ್ನ ಅಭ್ಯಾಸ. ಆ ಅಭ್ಯಾಸದಿಂದಲೇ ಈ ವಿಮರ್ಶೆ ಹುಟ್ಟಿದ್ದು.

ಮೊದಲು ಒಳ್ಳೆಯ ಮಾತು. ಗಾಜು ದಪ್ಪವಾಗಿದೆ, ಜೇನಿನ ಬಣ್ಣ ಎಲ್ಲ ಕಡೆ ಒಂದೇ ಸಮನಾಗಿದೆ, ಹಿತ್ತಾಳೆಯ ಟೊಪ್ಪಿ ಅಲುಗಾಡುವುದಿಲ್ಲ. ಆರರಲ್ಲಿ ಒಂದೂ ಒಡೆದು ಬಂದಿಲ್ಲ. ಪ್ಯಾಕಿಂಗ್ ಮಾಡಿದವರಿಗೆ ಪೂರ್ತಿ ಅಂಕ ಕೊಡಬಹುದು. ಹೊತ್ತಿಸಿದರೆ ಕಣ್ಣಿಗೆ ಚುಚ್ಚದ ಕೆಂಬೆಳಕು, ಒಳಗಿನ ಎಳೆಯನ್ನು ಒಂದೊಂದಾಗಿ ಎಣಿಸಬಹುದು.

ಇನ್ನು ಮೀಟರಿನ ವಿಷಯ. 230 ವೋಲ್ಟಿನಲ್ಲಿ 40 ವ್ಯಾಟ್ ಎಳೆಯುವ ಬಲ್ಬು ಉರಿಯುವಾಗ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 1,320 ಓಂ ಇರಲೇಬೇಕು. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಸಿಗುವ ಲೆಕ್ಕ ಇದು. ತಣ್ಣಗಿರುವಾಗ ಎಷ್ಟು ಎಂಬುದರಲ್ಲಿ ಎಳೆಯ ಜಾತಿ ಬಯಲಾಗುತ್ತದೆ. ಲೋಹ ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ಕಾರ್ಬನ್ನಿನದು ತದ್ವಿರುದ್ಧ, ಕಾದಷ್ಟೂ ಇಳಿಯುತ್ತದೆ. ನಿಜವಾದ ಕಾರ್ಬನ್ ಎಳೆಯಾಗಿದ್ದರೆ ತಣ್ಣಗಿನ ಓದು ಬಿಸಿಯದರ ಹೆಚ್ಚುಕಡಿಮೆ ಎರಡರಷ್ಟು, ಅಂದರೆ ಎರಡು ಸಾವಿರ ಓಂ ದಾಟಬೇಕಿತ್ತು. ನನ್ನ ಮಲ್ಟಿಮೀಟರ್ ತೋರಿಸಿದ್ದು 125ರ ಆಸುಪಾಸು. ಆರೂ ಬಲ್ಬುಗಳದು ಅದೇ ಕಥೆ. ಇದು ಅನುಮಾನವಿಲ್ಲದೆ ಟಂಗ್‌ಸ್ಟನ್ ಎಂಬ ಲೋಹದ ತಂತಿ. ಮನೆಯಲ್ಲಿ ಇಂಥ ಬಲ್ಬ್ ಇರುವವರು ಹೋಲ್ಡರಿನಿಂದ ಬಿಚ್ಚಿ, ತಣ್ಣಗಾಗಲು ಬಿಟ್ಟು, ಟೊಪ್ಪಿಯ ಬದಿಗೊಂದು ತುದಿ, ತಳದ ಬೊಟ್ಟಿಗೊಂದು ತುದಿ ಇಟ್ಟು ನೋಡಿ.

ಮೀಟರ್ ಇಲ್ಲದವರಿಗೆ ಕಣ್ಣೇ ಸಾಕು. ಇದರೊಳಗೆ ನಡುವೆ ಒಂದು ಗಾಜಿನ ಕಡ್ಡಿ, ಅದರ ಮೇಲೂ ಕೆಳಗೂ ಸಣ್ಣ ಕೊಕ್ಕೆಗಳು, ಆ ಕೊಕ್ಕೆಗಳಿಗೆ ಮೇಲೆ ಕೆಳಗೆ ಸಿಕ್ಕಿಸಿ ಸುತ್ತಿದ ಉದ್ದನೆಯ ತಂತಿ. ಎಡಿಸನ್ ಬಲ್ಬ್ ಎಂದರೆ ಈಗ ಎಲ್ಲರ ಕಣ್ಣ ಮುಂದೆ ಬರುವುದು ಇದೇ ಪಂಜರ. ಆದರೆ ಈ ಪಂಜರ ಕಾರ್ಬನ್ನಿಗೆ ಬೇಕಾದದ್ದೇ ಅಲ್ಲ. ಕಾರ್ಬನ್ ಎಳೆಗೆ ಸ್ವಂತ ಬಿಗಿ ಇರುತ್ತದೆ, ರೆಸಿಸ್ಟೆನ್ಸೂ ಹೆಚ್ಚು. ಹಾಗಾಗಿ ಗಿಡ್ಡ ಎಳೆಯೇ ಸಾಲುತ್ತಿತ್ತು, ಅದು ಕೂದಲಪಿನ್ನಿನಂತೆ ಬಾಗಿಯೋ ಒಂದು ಸುತ್ತು ಹಾಕಿಯೋ ತಾನೇ ನಿಲ್ಲುತ್ತಿತ್ತು. ಟಂಗ್‌ಸ್ಟನ್ ತಂತಿ ಬೇಕಾದ ರೆಸಿಸ್ಟೆನ್ಸ್ ಕೊಡಬೇಕಾದರೆ ಬಹಳ ಉದ್ದ ಇರಬೇಕು, ಕಾದಾಗ ಜೋತು ಬೀಳುತ್ತದೆ, ಅದಕ್ಕೇ ಇಷ್ಟೊಂದು ಕೊಕ್ಕೆ. ಎಳೆದು ಬಾಗಿಸಬಹುದಾದ ಟಂಗ್‌ಸ್ಟನ್ ತಂತಿಯನ್ನು ಅಮೆರಿಕದ ವಿಜ್ಞಾನಿ ವಿಲಿಯಂ ಕೂಲಿಡ್ಜ್ ಸಾಧ್ಯವಾಗಿಸಿದ್ದು 1910ರ ಸುಮಾರಿಗೆ. ಅಂದರೆ ಪೆಟ್ಟಿಗೆಯ ಮೇಲಿನ ಇಸವಿಗೂ ಒಳಗಿನ ವಿನ್ಯಾಸಕ್ಕೂ ಮೂವತ್ತು ವರ್ಷದ ಅಂತರ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ಬಂದಾಗಲೂ ಇಂಥ ತಂತಿ ಇನ್ನೂ ಹುಟ್ಟಿರಲಿಲ್ಲ.

ಹಾಗಾದರೆ 1879ರದ್ದು ಹೇಗಿತ್ತು? ಅಮೆರಿಕದ ಮೆನ್ಲೊ ಪಾರ್ಕ್‌ನ ಪ್ರಯೋಗಾಲಯದಲ್ಲಿ ಎಡಿಸನ್ನನ ಗುಂಪು ಆ ವರ್ಷದ ಅಕ್ಟೋಬರಿನಲ್ಲಿ ಹೊಲಿಗೆಯ ಹತ್ತಿನೂಲನ್ನು ಗಾಳಿಯಾಡದಂತೆ ಸುಟ್ಟು ಕರಿ ಮಾಡಿ, ಪಾದರಸದ ಪಂಪಿನಿಂದ ಗಾಳಿ ಹೀರಿದ ಬುರುಡೆಯೊಳಗೆ ಇಟ್ಟು ಉರಿಸಿತು. 13 ಗಂಟೆಗೂ ಹೆಚ್ಚು ಕಾಲ ಉರಿಯಿತು. ಅದೇ ವರ್ಷದ ಆರಂಭದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜೋಸೆಫ್ ಸ್ವಾನ್ ತನ್ನ ಕಾರ್ಬನ್ ದೀಪವನ್ನು ಸಭೆಯ ಮುಂದೆ ಹೊತ್ತಿಸಿ ತೋರಿಸಿದ್ದ. ಸ್ವಾನ್ ಹೆಸರಿನಲ್ಲಿ ಯಾರೂ ಬಲ್ಬ್ ಮಾರದಿರುವುದು ನನಗೆ ಕೊಂಚ ಅನ್ಯಾಯವೆನಿಸುತ್ತದೆ. 1883ರಲ್ಲಿ ಇಬ್ಬರ ಕಂಪನಿಗಳೂ ಇಂಗ್ಲೆಂಡಿನಲ್ಲಿ ಒಂದಾಗಿದ್ದವು, ಹೆಸರಿನಲ್ಲಿ ಇಬ್ಬರೂ ಇದ್ದರು. ಆದರೂ ಎಡಿಸನ್ನನ ಒಂದು ಲೆಕ್ಕಾಚಾರಕ್ಕೆ ವೈರ್‌ಮ್ಯಾನ್ ಆದ ನಾನು ತಲೆಬಾಗುತ್ತೇನೆ. ಎಳೆಯ ರೆಸಿಸ್ಟೆನ್ಸ್ ಹೆಚ್ಚಿದ್ದರೆ ಅದೇ ವ್ಯಾಟಿಗೆ ಕಡಿಮೆ ಕರೆಂಟ್ ಸಾಕು. ಕರೆಂಟ್ ಕಡಿಮೆಯಾದರೆ ಬೀದಿಯುದ್ದಕ್ಕೂ ಎಳೆಯುವ ತಾಮ್ರವೂ ಸಣ್ಣದಾಗುತ್ತದೆ. ದಪ್ಪ ಕಾರ್ಬನ್ ಕಡ್ಡಿಯ ದೀಪಗಳು ಊರಿಗೆ ಬೆಳಕು ಕೊಡಲಾರದೆ ಹೋದದ್ದು ತಾಮ್ರದ ಖರ್ಚಿನಿಂದ.

ನೂಲಿನ ನಂತರ ಕಾಗದ ಬಂತು, ಅದರ ನಂತರ ಬಿದಿರು. ಜಪಾನಿನ ಕ್ಯೋಟೊ ಬಳಿಯ ಯವಾತದ ಬಿದಿರನ್ನು ಸೀಳಿ ಸುಟ್ಟ ಎಳೆ ಸಾವಿರ ಗಂಟೆ ದಾಟಿತು. ಅಲ್ಲಿನ ದೇವಾಲಯದ ಆವರಣದಲ್ಲಿ ಈಗಲೂ ಎಡಿಸನ್ ಸ್ಮಾರಕವಿದೆ. ಆದರೆ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಎಳೆಯನ್ನು ಸಮ ಮಾಡುವ ಉಪಾಯ. ಸುಟ್ಟ ಎಳೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ತೆಳುವಾದಲ್ಲಿ ಹೆಚ್ಚು ಕಾದು ಅಲ್ಲೇ ತುಂಡಾಗುತ್ತದೆ. ಅದಕ್ಕೆ ಪೆಟ್ರೋಲಿನಂಥ ಹೈಡ್ರೋಕಾರ್ಬನ್ ಆವಿ ತುಂಬಿದ ಪಾತ್ರೆಯಲ್ಲಿಟ್ಟು ಕರೆಂಟ್ ಹರಿಸುತ್ತಿದ್ದರು. ತೆಳುವಾದ ಜಾಗ ಹೆಚ್ಚು ಕಾಯುವುದರಿಂದ ಆವಿ ಒಡೆದು ಕಾರ್ಬನ್ ಅಲ್ಲಿಯೇ ಹೆಚ್ಚು ಕೂರುತ್ತದೆ. ದಪ್ಪವಾದೊಡನೆ ಕಾವು ಇಳಿಯುತ್ತದೆ, ಕೂರುವುದೂ ನಿಲ್ಲುತ್ತದೆ. ಎಳೆ ತನ್ನ ದೋಷವನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಮೋಟಾರ್ ಕಾಯಿಲಿಗೆ ಇಂಥದ್ದೊಂದು ಔಷಧ ಇದ್ದಿದ್ದರೆ ನನ್ನ ಅರ್ಧ ಆಯುಷ್ಯ ಉಳಿಯುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ, ನಿಜವಾದ ಕಾರ್ಬನ್ ಬಲ್ಬನ್ನು ಅಂಗಡಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಕಾರ್ಬನ್ ಎಳೆ ವಿಪರೀತ ಕಾದರೆ ಆವಿಯಾಗಿ ಗಾಜಿನ ಒಳಮೈಗೆ ಮಸಿ ಹಿಡಿಸುತ್ತದೆ. ಆದ್ದರಿಂದ ಅದನ್ನು ತಗ್ಗಿದ ಕಾವಿನಲ್ಲೇ ಉರಿಸಬೇಕು, ಬೆಳಕೂ ಕಡಿಮೆ. ನಮ್ಮ ಕಡೆಯ ವೋಲ್ಟೇಜಿಗಂತೂ ಅದು ಹೇಳಿಸಿದ್ದಲ್ಲ. ವೋಲ್ಟೇಜ್ ಏರಿದಾಗ ಟಂಗ್‌ಸ್ಟನ್ ಇನ್ನಷ್ಟು ಕಾದು ತನ್ನ ರೆಸಿಸ್ಟೆನ್ಸ್ ಏರಿಸಿಕೊಂಡು ಕರೆಂಟನ್ನು ತಡೆಯುತ್ತದೆ. ಕಾರ್ಬನ್ ಅದೇ ಹೊತ್ತಿನಲ್ಲಿ ರೆಸಿಸ್ಟೆನ್ಸ್ ಇಳಿಸಿಕೊಂಡು ಮತ್ತಷ್ಟು ಕರೆಂಟನ್ನು ಬರಮಾಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಒಂದು ಕಾರ್ಬನ್ ಬಲ್ಬ್ ಉರಿಯುತ್ತಿದೆ ಎಂದು ಯಾರಾದರೂ ವಾದಕ್ಕೆ ಬರಬಹುದು. ಅದು ಈಗ ಎಳೆಯುವುದು ಸುಮಾರು 4 ವ್ಯಾಟ್, ಕೊಡುವುದು ರಾತ್ರಿದೀಪದ ಬೆಳಕು. ಅದರ ಕೆಳಗೆ ಕೂತು ಮೆನು ಓದಲಾಗದು.

ಈ ಟಂಗ್‌ಸ್ಟನ್ ಬಲ್ಬೂ ಬೆಳಕಿನ ವಿಷಯದಲ್ಲಿ ದಾನಶೂರ ಕರ್ಣನೇನಲ್ಲ. ಹಳೆಯ ಬಣ್ಣ ಬರಲೆಂದು ಎಳೆಯನ್ನು ಬೇಕೆಂದೇ ತಗ್ಗಿದ ಕಾವಿನಲ್ಲಿ ಉರಿಸುತ್ತಾರೆ; ಮಾಮೂಲಿ 40 ವ್ಯಾಟಿನ ಬಲ್ಬಿನ ಅರ್ಧದಷ್ಟೂ ಬೆಳಕಿಲ್ಲ. ಆರು ಬಲ್ಬು ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ 43 ಯೂನಿಟ್. ಇದೇ ಆಕಾರದ 4 ವ್ಯಾಟಿನ ಎಲ್‌ಇಡಿಯಾದರೆ ನಾಲ್ಕೂಕಾಲು ಯೂನಿಟ್ಟಿನಲ್ಲಿ ಮುಗಿಯುತ್ತದೆ. ಎಲ್‌ಇಡಿಯ ಹಳದಿ ಪಟ್ಟಿಗಳನ್ನು ಹತ್ತಿರದಿಂದ ನೋಡಿದರೆ ಸಪ್ಪೆ, ಆದರೆ ಮೇಜಿನ ಮೇಲೆ ಬೆಳಕು ಬೀಳುತ್ತದೆ. ಇನ್ನೊಂದು ತೊಂದರೆ: ಇವು ತಿರುಪಿನ ಬಲ್ಬುಗಳು, ನಮ್ಮ ಮನೆಗಳಲ್ಲಿರುವುದು ಪಿನ್ ಹೋಲ್ಡರ್. ಅಡಾಪ್ಟರ್ ಪೆಟ್ಟಿಗೆಯಲ್ಲಿಲ್ಲ, ಬೇರೆ ಕೊಳ್ಳಬೇಕು. ಹಾಕಿದರೆ ಬಲ್ಬು ಒಂದೂವರೆ ಅಂಗುಲ ಕೆಳಗೆ ಇಳಿದು ಶೇಡಿನಿಂದ ಹೊರಗೆ ಇಣುಕುತ್ತದೆ. ಗಾಜು ಕೈ ಸುಡುವಷ್ಟು ಕಾಯುತ್ತದೆ, ಕಾಗದ ಅಥವಾ ಬಿದಿರಿನ ಶೇಡಿಗೆ ಬೇಡವೇ ಬೇಡ.

ಕೊನೆಗೆ ನಾವು ಮಾಡಿದ್ದು ಇಷ್ಟು: ನಾಲ್ಕು ಬಲ್ಬುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ತಿರುಪಿನ ಹೋಲ್ಡರಿಗೇ ಹಾಕಿ ಡಿಮ್ಮರ್ ಕೊಟ್ಟೆ, ಮೇಜುಗಳ ಮೇಲೆ ಎಲ್‌ಇಡಿ. ಉಳಿದೆರಡು ಕಪಾಟಿನಲ್ಲಿವೆ. ಅಲಂಕಾರಕ್ಕೆಂದು ಕೊಳ್ಳುವವರು ಧಾರಾಳವಾಗಿ ಕೊಳ್ಳಿ, ಐದರಲ್ಲಿ ಮೂರು ನಕ್ಷತ್ರ ಕೊಟ್ಟಿದ್ದೇನೆ. ಪೆಟ್ಟಿಗೆಯ ಮೇಲೆ ‘ಟಂಗ್‌ಸ್ಟನ್’ ಎಂದು ತಿದ್ದಿ ಎಂದು ಮಾರಿದವರಿಗೆ ಮೀಟರಿನ ಫೋಟೊ ಸಮೇತ ಬರೆದೆ. ಉತ್ತರವಾಗಿ ಮುಂದಿನ ಖರೀದಿಗೆ ಶೇಕಡಾ 10 ರಿಯಾಯಿತಿಯ ಕೂಪನ್ ಬಂತು.