ಸಾಗೋ ಪಾಮ್ ಮರಿ: ಮರಳಲ್ಲಿ ನೆಡೋದಾ, ಕೋಕೋಪೀಟಿನಲ್ಲಾ?

ಕುಂಡದಲ್ಲಿ ಬೆಳೆಸುವ ಸೈಕಾಸನ್ನೇ ಎಲ್ಲರೂ ಸಾಗೋ ಪಾಮ್ ಅಂತಾರೆ. ಅಸಲಿಗೆ ಇದು ಪಾಮೇ ಅಲ್ಲ. ಕಾಂಡದಿಂದ ಹಿಟ್ಟು ತೆಗೆಯುವ ನಿಜವಾದ ಸಾಗೋ ಮರ ನ್ಯೂಗಿನಿ ಕಡೆಯದು, ಕೆಸರಿನಲ್ಲೇ ಸುಖವಾಗಿ ಬೆಳೆಯುತ್ತದೆ. ನಮ್ಮ ಸೈಕಾಸ್‌ಗೆ ಬುಡದಲ್ಲಿ ನೀರು ನಿಂತರೆ ಕಥೆ ಮುಗಿಯಿತು. ಇದು ನನಗೆ ಅರ್ಥವಾಗಲು 4 ಮರಿ ಹೋಗಬೇಕಾಯಿತು.

ತಾಯಿ ಗಿಡದ ಬುಡದಿಂದ 12 ಮರಿ ಬಿಡಿಸಿದ್ದೆ. ನಿಂಬೆಹಣ್ಣಿನಷ್ಟು ಪುಟ್ಟದರಿಂದ ತೆಂಗಿನಕಾಯಿಯಷ್ಟು ದಪ್ಪದವರೆಗೆ. ಒಂದಕ್ಕೂ ಬೇರಿರಲಿಲ್ಲ.

6 ಮರಿಗಳನ್ನು ಎಲೆ ಸಮೇತ, ಕಿತ್ತ ದಿನವೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಚೀಲಗಳಲ್ಲಿ ನೆಟ್ಟು ದಿನಾ ನೀರು ಹಾಕಿದೆ. ಉಳಿದ 6ರ ಎಲೆ ಪೂರ್ತಿ ಕತ್ತರಿಸಿ, 10 ದಿನ ನೆರಳಲ್ಲಿ ಒಣಗಲು ಬಿಟ್ಟೆ. ಗಾಯ ಗಟ್ಟಿಯಾದ ಮೇಲೆ ದಪ್ಪ ಮರಳಿಗೆ ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿ, ಮರಿ ಅರ್ಧ ಮುಳುಗುವಷ್ಟು ಹೂತೆ. ಒಮ್ಮೆ ನೀರು ಕೊಟ್ಟರೆ ಮರಳು ಒಣಗುವ ತನಕ ಮತ್ತೆ ಇಲ್ಲ. (ಕತ್ತರಿಸಿದ ಚೂರುಗಳನ್ನು ನಾಯಿ ಬಾಯಿಗೆ ಸಿಗುವಂತೆ ಬಿಡಬೇಡಿ, ಇಡೀ ಗಿಡವೇ ವಿಷ.)

2 ತಿಂಗಳಿಗೆ ಕೋಕೋಪೀಟಿನ ಒಂದು ಮರಿ ಸುಳಿ ಬಿಟ್ಟಿತು. ಎಳೆ ಎಲೆಯ ಒಂದೊಂದು ಗರಿಯೂ ಒಳಕ್ಕೆ ಸುರುಳಿ ಸುತ್ತಿಕೊಂಡು, ಮೈಮೇಲೆ ನವಿರಾದ ಕಂದು ರೋಮ. ಗೆದ್ದೆ ಅಂದುಕೊಂಡೆ! ಚೀಲ ಬದಲಿಸೋಣ ಅಂತ ಹಿಡಿದರೆ ಮರಿ ಸುಮ್ನೆ ಕೈಗೆ ಬಂತು. ಬೇರೇ ಇಲ್ಲ. ಬುಡ ಒತ್ತಿದರೆ ಹೆಬ್ಬೆರಳು ಒಳಗೆ ಹೋಯಿತು, ಹುಳಿ ವಾಸನೆ ಬೇರೆ. ಮರಿಯ ಹೊಟ್ಟೆಯಲ್ಲೇ ಹಿಟ್ಟು ಕೂಡಿಟ್ಟಿರುತ್ತದೆ ಅಲ್ವಾ, ಅದನ್ನೇ ಖರ್ಚು ಮಾಡಿ ಎಲೆ ಬಿಟ್ಟಿದೆ. ಹಾಗಾಗಿ ಎಲೆ ನೋಡಿ ಬೇರು ಬಂತು ಅಂದುಕೊಳ್ಳಬಾರದು.

ಮರಳಿನವು 5 ತಿಂಗಳು ಕಲ್ಲಿನ ಹಾಗೆ ಕೂತಿದ್ದವು. ನಿಜ ಹೇಳ್ತೀನಿ, ಎಸೆದುಬಿಡೋಣ ಅನ್ನಿಸಿತ್ತು. 6ನೇ ತಿಂಗಳು ಮೆಲ್ಲಗೆ ಎಳೆದು ನೋಡಿದೆ, ಅಲುಗಾಡಲಿಲ್ಲ.

ಕೊನೆಗೆ ಮರಳಿನಲ್ಲಿ 5 ಉಳಿದವು, ಕೋಕೋಪೀಟಿನಲ್ಲಿ 2. ಆ ಎರಡರಲ್ಲೂ ಒಂದಕ್ಕೆ ಕೊಳೆ ಶುರುವಾಗಿತ್ತು. ಬಿಳಿ ತಿರುಳು ಕಾಣುವ ತನಕ ಕೆತ್ತಿ, ಮತ್ತೆ ಒಣಗಿಸಿ, ಮರಳಿಗೆ ಹಾಕಿದ ಮೇಲೆ ಬದುಕಿತು.

ಮರಳಿನಲ್ಲಿ ಸತ್ತದ್ದು ನಿಂಬೆ ಗಾತ್ರದ್ದು, ಕೊಳೆತಲ್ಲ, ಬತ್ತಿ. ಅಷ್ಟು ಚಿಕ್ಕದಕ್ಕೆ ಈಗ ಮರಳಿನ ಜೊತೆ ಒಂದು ಹಿಡಿ ಕೋಕೋಪೀಟ್ ಬೆರೆಸುತ್ತೇನೆ. ಕೋಕೋಪೀಟಿಗೆ ನಾನು ಕೊಡುವ ಜಾಗ ಅಷ್ಟೇ. ಬೇರು ಬರಿಸುವ ಪುಡಿ ಕೆಲವಕ್ಕೆ ಹಚ್ಚಿದ್ದೆ, ಏನೂ ವ್ಯತ್ಯಾಸ ಕಾಣಲಿಲ್ಲ.

ಬೀಜ ಹಾಕಬಹುದಲ್ಲ ಅಂತ ಕೇಳಬಹುದು. ಸೈಕಾಸಿನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಮರಿಯಾದರೆ ತಾಯಿಯದೇ ಲಿಂಗ, ಬೀಜದ ಸಸಿ ಯಾವುದು ಅಂತ ಗೊತ್ತಾಗಲು ವರ್ಷಗಟ್ಟಲೆ ಕಾಯಬೇಕು.

ಉಳಿದ ಮರಿಗಳು ಇನ್ನೂ ನೆರಳು ಬಲೆಯ ಕೆಳಗೇ ಇವೆ. ಎರಡನೇ ಸುತ್ತಿನ ಎಲೆ ಬರುವ ತನಕ ಕುಂಡ ಬದಲಿಸುವುದಿಲ್ಲ.