ಪುಸ್ತಕಕ್ಕೆ ನಾಲ್ಕೂವರೆ ಸ್ಟಾರ್, ಮುದ್ರಣಕ್ಕೆ ಒಂದು

ಹಳೆಯ ರಸಾಯನ ಕೋಶವೊಂದರ ಮೂರು ಸಂಪುಟಕ್ಕೆ 4,600 ರೂಪಾಯಿ. ಪೆಟ್ಟಿಗೆ ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ಬಂದ ದಿನ ಹೆಂಡತಿ ಕೇಳಿದ್ದು ಒಂದೇ ಮಾತು: "ಮಿಲ್ಲು ಮುಚ್ಚಿ ಎಷ್ಟು ವರ್ಷವಾಯಿತು, ಇನ್ನು ಯಾರ ಬಟ್ಟೆಗೆ ಬಣ್ಣ ಹಾಕುವುದಿದೆ ನಿಮಗೆ?" ಉತ್ತರ ಹೇಳದೆ ಪೆಟ್ಟಿಗೆ ಬಿಚ್ಚಿದೆ. ಕಾಟನ್ ಮಿಲ್ಲಿನ ಬಣ್ಣದ ಖಾತೆಯ ಲ್ಯಾಬಿನಲ್ಲಿ 26 ವರ್ಷ ಕಳೆದವನ ಚಟ ಇದು, ಬಿಡುವಂಥದ್ದಲ್ಲ.

ಬ್ರಿಟಿಷ್ ರಸಾಯನಶಾಸ್ತ್ರಜ್ಞ ಥಾಮಸ್ ಎಡ್ವರ್ಡ್ ಥಾರ್ಪ್ ಸಂಪಾದಿಸಿದ 'ಎ ಡಿಕ್ಷನರಿ ಆಫ್ ಅಪ್ಲೈಡ್ ಕೆಮಿಸ್ಟ್ರಿ'ಯ ಮೊದಲ ಆವೃತ್ತಿ ಇದು. 1890ರಿಂದ 1893ರ ನಡುವೆ ಲಂಡನ್ನಿನಲ್ಲಿ ಪ್ರಕಟವಾಯಿತು. ನನಗೆ ಬಂದಿರುವುದು ಅದರ ಮರುಮುದ್ರಣ. ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿಟ್ಟುಕೊಂಡು, ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವವರ ಸರಕು.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಮೂರನೆಯ ಸಂಪುಟದಲ್ಲಿ ಗಂಧಕಾಮ್ಲದ ಭಾಗ ತೆರೆದೆ. ಸೀಸದ ಕೋಣೆಗಳಲ್ಲಿ ಆಮ್ಲ ತಯಾರಿಸುತ್ತಿದ್ದ ಕಾಲದ ವಿವರವನ್ನು ಓದಬೇಕೆಂದೇ ಇದನ್ನು ತರಿಸಿದ್ದು. ಸಮೀಕರಣದಲ್ಲಿ ಆಕ್ಸಿಜನ್ ಪಕ್ಕದ ಪುಟ್ಟ ಅಂಕಿ 2 ಇದೆಯೋ 3 ಇದೆಯೋ, ಭೂತಗನ್ನಡಿ ಹಿಡಿದರೂ ಗೊತ್ತಾಗುವುದಿಲ್ಲ. ಮಸಿ ಹರಡಿ ಎಳ್ಳುಕಾಳಿನಷ್ಟು ಚುಕ್ಕೆಯಾಗಿದೆ. ಕಾದಂಬರಿಯಲ್ಲಿ ಒಂದು ಅಕ್ಷರ ಅಳಿಸಿದರೆ ಊಹಿಸಿಕೊಂಡು ಓದಬಹುದು. ಇಲ್ಲಿ 2 ಇದ್ದರೆ ಗಂಧಕದ ಡೈಆಕ್ಸೈಡ್, 3 ಇದ್ದರೆ ಟ್ರೈಆಕ್ಸೈಡ್. ಡೈಆಕ್ಸೈಡಿಗೆ ಇನ್ನೊಂದು ಆಕ್ಸಿಜನ್ ಮತ್ತು ನೀರು ಸೇರಿಸಿ ಆಮ್ಲ ಮಾಡುವುದೇ ಆ ಕೋಣೆಯ ಇಡೀ ಕೆಲಸ. ಅಚ್ಚು ಹಾಕಿ ಕಳಿಸಿದವರಿಗೆ ಫೋನ್ ಮಾಡಿದರೆ, "ಹಳೆಯ ಪುಸ್ತಕ ಸರ್, ಹಾಗೆಯೇ ಇರುತ್ತದೆ" ಎಂದರು. ಹಳೆಯದು ಪುಸ್ತಕ ಸ್ವಾಮೀ, ನೀವು ಅಚ್ಚು ಹಾಕಿದ್ದು ಹೋದ ತಿಂಗಳು ಎಂದೆ. ಫೋನ್ ಇಟ್ಟರು.

ಗಮ್ ಬೈಂಡಿಂಗ್ ಬೇರೆ. ಒಂದನೆಯ ಸಂಪುಟ ಮೇಜಿನ ಮೇಲೆ ಅಗಲವಾಗಿ ತೆರೆದಿಟ್ಟ ಮೂರನೆಯ ದಿನಕ್ಕೆ ಹಾಳೆಗಳು ಹಪ್ಪಳದಂತೆ ಬಿಟ್ಟುಕೊಂಡವು. ಮಂಡಿಪೇಟೆಯ ಕಡೆ ಒಬ್ಬ ಬೈಂಡರ್ ಇದ್ದಾರೆ, ಮೊದಲು ಲೆಕ್ಕದ ಪುಸ್ತಕ ಕಟ್ಟುತ್ತಿದ್ದವರು. ಹಾಳೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿ, "ಯಜಮಾನರೇ, ಒಳಗೆ ಅಂಚೇ ಬಿಟ್ಟಿಲ್ಲವಲ್ಲ, ಸೂಜಿ ಎಲ್ಲಿ ಹಾಕಲಿ?" ಎಂದರು. ಕೊನೆಗೆ ಬೆನ್ನಿಗೆ ಕ್ಯಾಲಿಕೋ ಬಟ್ಟೆ ಹಚ್ಚಿ ಹೇಗೋ ನಿಲ್ಲಿಸಿದರು. ಅವರು ತೆಗೆದುಕೊಂಡದ್ದು 350 ರೂಪಾಯಿ. ಇಡೀ ವ್ಯವಹಾರದಲ್ಲಿ ಮನಸ್ಸಿಗೆ ಒಪ್ಪಿ ಕೊಟ್ಟ ಹಣ ಅದೊಂದೇ.

ಹಾಗಿದ್ದೂ ಪುಸ್ತಕಕ್ಕೆ ನಾಲ್ಕೂವರೆ ಸ್ಟಾರ್ ಏಕೆ ಕೊಟ್ಟೆ ಎಂದರೆ, ಎರಡನೆಯ ಸಂಪುಟಕ್ಕಾಗಿ. ಅದು ಪ್ರಕಟವಾದದ್ದು 1891ರಲ್ಲಿ. ಇಂಡಿಗೋ, ಅಂದರೆ ನೀಲಿ, ಇರುವುದು ಅದರಲ್ಲೇ. ಜರ್ಮನಿಯ ಬಿಎಎಸ್ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟದ್ದು 1897ರಲ್ಲಿ. ಜರ್ಮನ್ ರಸಾಯನಶಾಸ್ತ್ರಜ್ಞ ಬಾಯರ್ 1880ರಲ್ಲೇ ಪ್ರಯೋಗಶಾಲೆಯಲ್ಲಿ ನೀಲಿ ತಯಾರಿಸಿದ್ದ, ಆದರೆ ಅಗ್ಗವಾಗಿ ತಯಾರಿಸುವ ದಾರಿ ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಈ ಸಂಪುಟದ ಕಾಲಕ್ಕೆ ವ್ಯಾಪಾರದ ನೀಲಿ ಎಂದರೆ ಇನ್ನೂ ಗಿಡದ ನೀಲಿ, ಬಿಹಾರ ಬಂಗಾಳದ ನೀಲಿ. ಎಲೆ ನೆನೆಹಾಕುವುದು, ನೀರನ್ನು ಕೋಲಿನಿಂದ ಬಡಿದು ಗಾಳಿ ಆಡಿಸುವುದು, ತಳಕ್ಕೆ ಕೂತ ರಾಡಿ ಸೋಸುವುದು. ಅಲ್ಲಿಂದ ಇಪ್ಪತ್ತು ವರ್ಷದೊಳಗೆ ಆ ತೊಟ್ಟಿಗಳೆಲ್ಲ ಹೆಚ್ಚುಕಡಿಮೆ ಒಣಗಿದವು. ಬರೆದವರಿಗೆ ಆ ಸುದ್ದಿಯ ಸುಳಿವಿಲ್ಲ, ಓದುವ ನನಗೆ ಗೊತ್ತು. ರಾತ್ರಿ ಹನ್ನೊಂದರವರೆಗೆ ಪುಟ ಬಿಡಲಿಲ್ಲ.

ಮಿಲ್ಲಿನಲ್ಲಿ ನಾವು ಬಳಸಿದ್ದು ಕಾರ್ಖಾನೆಯ ನೀಲಿಯನ್ನೇ. ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ (ನೀಲಿ ನೀರಿನಲ್ಲಿ ಕರಗುವಂತೆ ಮಾಡುವ ಪುಡಿ) ಹಾಕಿದ ತೊಟ್ಟಿಯಿಂದ ಬಟ್ಟೆ ಮೇಲೆ ಬಂದಾಗ ಹಳದಿ ಮಿಶ್ರಿತ ಹಸಿರು. ಗಾಳಿ ತಾಗಿದಂತೆ ಅಂಚಿನಿಂದ ನೀಲಿ ಹತ್ತಿಕೊಂಡು ಬರುತ್ತದೆ. ಹೊಸದಾಗಿ ಸೇರಿದ ಹುಡುಗರು ಹಸಿರು ಕಂಡು ಗಾಬರಿಯಾಗಿ ಲ್ಯಾಬಿಗೆ ಓಡಿ ಬರುತ್ತಿದ್ದರು.

ಬಿ.ಎಸ್ಸಿ. ಓದುವ ತಮ್ಮನ ಮಗಳು ಪುಟ ತಿರುವುತ್ತಾ, "ದೊಡ್ಡಪ್ಪ, ಟ್ವಾಡಲ್ ಅಂದರೇನು?" ಎಂದಳು. ಹಳೆಯ ಇಂಗ್ಲಿಷ್ ರಸಾಯನ ಪುಸ್ತಕ ಓದುವವರಿಗೆ ಇದು ಬೇಕೇ ಬೇಕು: ದ್ರವದ ಸಾಪೇಕ್ಷ ಸಾಂದ್ರತೆಯಲ್ಲಿ, ಅಂದರೆ ಅದು ನೀರಿನ ಎಷ್ಟು ಪಟ್ಟು ಭಾರ ಎಂಬ ಅಂಕಿಯಲ್ಲಿ, 1 ಕಳೆದು 200ರಿಂದ ಗುಣಿಸಿದರೆ ಟ್ವಾಡಲ್ ಡಿಗ್ರಿ. 1.25 ಇದ್ದರೆ 50. ನೂಲಿಗೆ ಹೊಳಪು ಬರಿಸುವ ಕಾಸ್ಟಿಕ್ಕನ್ನು ನಾವು ಕೊನೆಯವರೆಗೂ ಟ್ವಾಡಲ್‌ನಲ್ಲೇ ಅಳೆಯುತ್ತಿದ್ದೆವು. ಅವಳ ಪಠ್ಯದಲ್ಲಿ ಅದರ ಹೆಸರೂ ಇಲ್ಲವಂತೆ.

ನಮ್ಮ ಲ್ಯಾಬಿನಲ್ಲಿ ಇದ್ದದ್ದು 1976ರ ಮರ್ಕ್ ಇಂಡೆಕ್ಸ್. ಜರ್ಮನ್ ಕಂಪನಿಯೊಂದು ತನ್ನ ಸರಕಿನ ಪಟ್ಟಿಯಾಗಿ 1889ರಲ್ಲಿ ಆರಂಭಿಸಿದ್ದರ ಒಂಬತ್ತನೆಯ ಆವೃತ್ತಿ. ಒಂದು ರಾಸಾಯನಿಕ ಏನು, ಎಷ್ಟು ಡಿಗ್ರಿಗೆ ಕರಗುತ್ತದೆ, ಎಷ್ಟು ವಿಷ ಎಂದು ಹತ್ತು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಕೆಲಸದ ಹೊತ್ತಿಗೆ ಅದೇ ಸರಿ. ಅದನ್ನು ತಯಾರಿಸುವ ಕುಲುಮೆ ಹೇಗಿತ್ತು, ಉಳಿದ ಕಸ ಎಲ್ಲಿಗೆ ಹೋಯಿತು ಎಂಬ ಕುತೂಹಲಕ್ಕೆ ಥಾರ್ಪ್ ಬೇಕು. ವಿಷದ ವಿಷಯಕ್ಕೆ ಮಾತ್ರ 130 ವರ್ಷ ಹಿಂದಿನ ಪುಸ್ತಕವನ್ನು ನಂಬಬೇಡಿ. ಇದರಲ್ಲಿನ ಯಾವುದನ್ನೂ ಮನೆಯಲ್ಲಿ ಮಾಡಿ ನೋಡಬೇಡಿ. ಇದೇ ಥಾರ್ಪ್ ಮುಂದೆ ಸರ್ಕಾರಿ ಪ್ರಯೋಗಶಾಲೆಯ ಮುಖ್ಯಸ್ಥನಾಗಿ, ಪಿಂಗಾಣಿ ಕೆಲಸಗಾರರನ್ನು ಕಾಡುತ್ತಿದ್ದ ಸೀಸದ ವಿಷದ ಬಗ್ಗೆ ವರದಿ ಕೊಟ್ಟ.

ಹಕ್ಕುಸ್ವಾಮ್ಯ ಮುಗಿದ ಪುಸ್ತಕವಾದ್ದರಿಂದ ಅಂತರ್ಜಾಲದಲ್ಲಿ ಸ್ಕ್ಯಾನ್ ಪ್ರತಿ ಉಚಿತವಾಗಿ ಸಿಗುತ್ತದೆ. ಪರದೆ ನೋಡಿ ಕಣ್ಣು ನೋಯದವರಿಗೆ ಅದೇ ಸಾಕು. ನನ್ನ ಹಾಗೆ ಕಾಗದವೇ ಬೇಕೆನ್ನುವವರು ಎರಡನೆಯ ಸಂಪುಟ ಬಿಡಿಯಾಗಿ ಸಿಕ್ಕರೆ ಕೊಳ್ಳಿ. ಮೂರನೆಯದಕ್ಕೆ ಹಣ ಕಳಿಸುವ ಮೊದಲು ಗಂಧಕಾಮ್ಲದ ಪುಟದ ಫೋಟೋ ತರಿಸಿಕೊಂಡು, ಆ ಪುಟ್ಟ ಅಂಕಿ 2 ಇದೆಯೋ 3 ಇದೆಯೋ ನೋಡಿ.