ನಮ್ಮೂರಿನ ದಿನಪತ್ರಿಕೆಗೆ 11 ವರ್ಷ ಕಟ್ಟಿದ ಚಂದಾ

ಒಹಾಯೋ ರಾಜ್ಯದ ಒಂದು ಮಧ್ಯಮ ಗಾತ್ರದ ಊರಿಗೆ ಬಂದು ನೆಲೆಸಿದ ಮರುವರ್ಷ, ಅಂದರೆ 2014ರಲ್ಲಿ, ಇಲ್ಲಿನ ದಿನಪತ್ರಿಕೆಗೆ ಚಂದಾದಾರನಾದೆ. 11 ವರ್ಷಗಳ ಬಳಿಕ ಅದರ ಮುದ್ರಿತ ಪ್ರತಿಯನ್ನು ನಿಲ್ಲಿಸಿದ್ದೇನೆ. ಇದು ಆ ಪತ್ರಿಕೆಯ ಸೇವೆಯ ವಿಮರ್ಶೆ. 2023ರಿಂದ ನಾನು ತರಿಸುತ್ತಿರುವ ಇನ್ನೊಂದು ಚಿಕ್ಕ ವಾರಪತ್ರಿಕೆಯದೂ ಹೌದು. ಎರಡರ ಹೆಸರನ್ನೂ ಹೇಳುತ್ತಿಲ್ಲ. ನಾನು ಹೇಳಲಿರುವ ಕೊರತೆಗಳು ಒಂದೇ ಪತ್ರಿಕೆಗೆ ಸೇರಿದವಲ್ಲ, ಹೆಸರು ಹೇಳಿದರೆ ಗಮನವೆಲ್ಲ ಅದರ ಮೇಲೆಯೇ ನಿಂತುಬಿಡುತ್ತದೆ.

ಆರಂಭದಲ್ಲಿ ಪತ್ರಿಕೆ ಬೆಳಗಿನ ಆರು ಗಂಟೆಗೆ ಮನೆಯ ಮುಂದಿನ ಹಾದಿಯಲ್ಲಿ ಬಿದ್ದಿರುತ್ತಿತ್ತು. ಈಗ ಅದು ಮಧ್ಯಾಹ್ನದ ಅಂಚೆಯಲ್ಲಿ, ದಿನಸಿ ಅಂಗಡಿಯ ರಿಯಾಯಿತಿ ಚೀಟಿಗಳ ನಡುವೆ ಸೇರಿ ಬರುತ್ತದೆ. ಊರಿನ ಮುದ್ರಣಾಲಯ ಮುಚ್ಚಿ, ಮುದ್ರಣ ಬೇರೆ ನಗರಕ್ಕೆ ಹೋದ ಮೇಲೆ ಪುಟ ಮುಗಿಸುವ ಗಡುವು ಸಂಜೆಗೇ ಬಂದು ನಿಂತಿತು. ಆದ್ದರಿಂದ ಶುಕ್ರವಾರ ರಾತ್ರಿ ನಡೆಯುವ ಪ್ರೌಢಶಾಲೆಯ ಫುಟ್‌ಬಾಲ್ ಪಂದ್ಯದ ಫಲಿತಾಂಶ ಶನಿವಾರದ ಪತ್ರಿಕೆಯಲ್ಲಿ ಇರುವುದಿಲ್ಲ. ಪುರಸಭೆಯ ರಾತ್ರಿ ಸಭೆಯ ಸುದ್ದಿಯೂ ಇರುವುದಿಲ್ಲ. ಚಂದಾ ನಿಲ್ಲಿಸುವ ಮುನ್ನ ಒಂದು ಮಂಗಳವಾರದ ಸಂಚಿಕೆಯನ್ನು ಊಟದ ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. 16 ಪುಟಗಳಲ್ಲಿ ನಮ್ಮ ಊರಿನ ವರದಿಗಾರರ ಹೆಸರಿದ್ದ ಬರಹಗಳು ಎರಡು. ಒಂದು ಹೊಸ ಹೋಟೆಲಿನ ಕುರಿತು, ಇನ್ನೊಂದು ರಸ್ತೆ ಅಪಘಾತದ ಕುರಿತು. ಉಳಿದವು ಒಡೆಯ ಸಂಸ್ಥೆಯ ಬೇರೆ ಊರುಗಳ ಪತ್ರಿಕೆಗಳಿಂದ ಎತ್ತಿ ಹಾಕಿದವು. ಇಡೀ ಸಂಚಿಕೆಯಲ್ಲಿ ನಮ್ಮ ಊರಿನ ವಿಷಯ ಅತಿ ದಟ್ಟವಾಗಿದ್ದದ್ದು ನಿಧನವಾರ್ತೆಗಳಲ್ಲಿ ಮತ್ತು ಸರ್ಕಾರಿ ಪ್ರಕಟಣೆಗಳ ಪುಟದಲ್ಲಿ. ಆ ಎರಡಕ್ಕೂ ಹಣ ಕೊಟ್ಟು ಹಾಕಿಸುವವರು ಹೊರಗಿನವರು. ಚಂದಾ ಮಾತ್ರ ಈ ಅವಧಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಯಿತು.

ವರದಿಗಾರರನ್ನು ನಾನು ದೂರುತ್ತಿಲ್ಲ. ನಾನು ಚಂದಾದಾರನಾದಾಗ ಪುರಸಭೆಗೆ ಒಬ್ಬರು, ನ್ಯಾಯಾಲಯಕ್ಕೆ ಒಬ್ಬರು, ಶಾಲೆಗಳಿಗೆ ಒಬ್ಬರು ಎಂದು ಜನರಿದ್ದರು. ತಲೆಮಾರುಗಳಿಂದ ಒಂದೇ ಕುಟುಂಬದ ಕೈಯಲ್ಲಿದ್ದ ಪತ್ರಿಕೆ ಒಂದು ಸರಪಳಿ ಸಂಸ್ಥೆಗೆ ಮಾರಾಟವಾಯಿತು, ಆ ಸಂಸ್ಥೆ ಇನ್ನೂ ದೊಡ್ಡದರಲ್ಲಿ ವಿಲೀನವಾಯಿತು, ಪ್ರತಿ ಕೈ ಬದಲಾದಾಗಲೂ ಖರೀದಿಯ ಸಾಲದ ಬಡ್ಡಿಯನ್ನು ಸುದ್ದಿಮನೆಯ ಸಂಬಳದಿಂದಲೇ ಉಳಿಸಿ ಕಟ್ಟಲಾಯಿತು. ದೇಶದಾದ್ಯಂತ ನಡೆದದ್ದೂ ಇದೇ. 2019ರಲ್ಲಿ ಗೇಟ್‌ಹೌಸ್ ಮತ್ತು ಗ್ಯಾನೆಟ್ ಒಂದಾದಾಗ 250ಕ್ಕೂ ಹೆಚ್ಚು ದಿನಪತ್ರಿಕೆಗಳು ಒಂದೇ ಒಡೆತನಕ್ಕೆ ಬಂದವು. 2021ರಲ್ಲಿ ಆಲ್ಡೆನ್ ಗ್ಲೋಬಲ್ ಕ್ಯಾಪಿಟಲ್ ಎಂಬ ಹೆಡ್ಜ್ ಫಂಡ್, ಅಂದರೆ ಹೂಡಿಕೆ ಸಂಸ್ಥೆ, ಟ್ರಿಬ್ಯೂನ್ ಪಬ್ಲಿಷಿಂಗ್ ಎಂಬ ಪತ್ರಿಕಾ ಸಂಸ್ಥೆಯನ್ನು ಕೊಂಡಿತು. ಮಾರದೆ ಉಳಿಸಿಕೊಂಡ ಕುಟುಂಬಗಳಿಗೂ ಸುಖವಿರಲಿಲ್ಲ. ನಮ್ಮದೇ ರಾಜ್ಯದ ಯಂಗ್ಸ್‌ಟೌನ್ ನಗರದ ‘ದಿ ವಿಂಡಿಕೇಟರ್’ 150 ವರ್ಷ ನಡೆದು, 2019ರ ಆಗಸ್ಟ್ 31ರಂದು ಕೊನೆಯ ಸಂಚಿಕೆ ಹೊರತಂದಿತು. ಪಕ್ಕದ ವಾರನ್ ಊರಿನ ಪತ್ರಿಕೆ ಅದರ ಹೆಸರನ್ನು ಕೊಂಡು ಒಂದು ಆವೃತ್ತಿಯನ್ನು ಮುಂದುವರಿಸಿತು, ನಿಜ. ಆದರೆ ಹೆಸರನ್ನು ಕೊಂಡ ಮಾತ್ರಕ್ಕೆ ಊರಿನ ಒಳಹೊರಗನ್ನು ಬಲ್ಲ ಸುದ್ದಿಮನೆಯೊಂದು ಮರಳಿ ಬರುವುದಿಲ್ಲ.

ಊರಿನ ಸುದ್ದಿ ಖಾಲಿಯಾದ ಜಾಗ ಖಾಲಿಯಾಗಿಯೇ ಉಳಿಯಲಿಲ್ಲ. ಅಲ್ಲಿಗೆ ಹಣೆಪಟ್ಟಿಗಳು ಬಂದವು. ಸಂಪಾದಕೀಯ ಪುಟದಲ್ಲಿ ಊರಿನವರ ಪತ್ರಗಳು ಕಡಿಮೆಯಾಗಿ, ವಾಷಿಂಗ್ಟನ್ನಿನಿಂದ ಬರುವ ಎರಡು ಅಂಕಣಗಳು ಅಕ್ಕಪಕ್ಕ ಕುಳಿತವು: ಒಂದು ‘ಲಿಬರಲ್’, ಇನ್ನೊಂದು ‘ಕನ್ಸರ್ವೇಟಿವ್’. ಪತ್ರಿಕೆ ಇದನ್ನು ಸಮತೋಲನ ಎಂದು ಕರೆಯುತ್ತದೆ. ನಮ್ಮ ಬಸ್ಸಿನ ಮಾರ್ಗ ಏಕೆ ರದ್ದಾಯಿತು ಎಂಬುದನ್ನು ಆ ಇಬ್ಬರಲ್ಲಿ ಯಾರೂ ಹೇಳಲಾರರು. 2023ರ ನವೆಂಬರ್ ಚುನಾವಣೆಯಲ್ಲಿ ಶಾಲಾ ಮಂಡಳಿಯ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರಿತ್ತು, ಪಕ್ಷದ ಹೆಸರಿರಲಿಲ್ಲ. ಒಹಾಯೋದಲ್ಲಿ ಆ ಚುನಾವಣೆಯನ್ನು ಪಕ್ಷಾತೀತವಾಗಿ ನಡೆಸುವುದೇ ಪದ್ಧತಿಯಾಗಿತ್ತು. ನಮ್ಮ ಪತ್ರಿಕೆ ಅಭ್ಯರ್ಥಿಗಳ ಸಂದರ್ಶನ ಮಾಡಲಿಲ್ಲ. ಅಂಚೆಯಲ್ಲಿ ಬಂದ ಕರಪತ್ರಗಳಿಂದ ನಾವು ತಿಳಿದದ್ದು ಒಬ್ಬರು ‘ರ‍್ಯಾಡಿಕಲ್’, ಇನ್ನೊಬ್ಬರು ‘ಎಕ್ಸ್‌ಟ್ರೀಮಿಸ್ಟ್’ ಎಂಬುದನ್ನು ಮಾತ್ರ. ಆ ಇಬ್ಬರೂ ನನ್ನ ಮಗಳ ಶಾಲೆಯ ಸಭೆಗಳಲ್ಲಿ ಗ್ರಂಥಾಲಯದ ಅನುದಾನಕ್ಕಾಗಿ ಒಟ್ಟಿಗೆ ಮಾತನಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಈ ಹಣೆಪಟ್ಟಿಗಳು ಎಷ್ಟು ಇತ್ತೀಚಿನವು ಎಂಬುದನ್ನು ನಾವು ಮರೆಯುತ್ತೇವೆ. ರಿಪಬ್ಲಿಕನ್ ಪಕ್ಷದ್ದು ‘ಕೆಂಪು ರಾಜ್ಯ’, ಡೆಮಾಕ್ರಟಿಕ್ ಪಕ್ಷದ್ದು ‘ನೀಲಿ ರಾಜ್ಯ’ ಎಂಬ ಮಾತು ನೆಲೆಯಾದದ್ದು 2000ದ ಅಧ್ಯಕ್ಷೀಯ ಚುನಾವಣೆಯ ಟಿವಿ ನಕ್ಷೆಗಳಿಂದ. 1980ರಲ್ಲಿ ಎನ್‌ಬಿಸಿ ವಾಹಿನಿ ರಿಪಬ್ಲಿಕನ್ ರೇಗನ್ ಗೆದ್ದ ರಾಜ್ಯಗಳಿಗೆ ಹಚ್ಚಿದ್ದು ನೀಲಿ ಬಣ್ಣವನ್ನೇ. ಇಂದು ಜನ ಅದೇ ಬಣ್ಣಗಳಿಂದ ತಮ್ಮನ್ನು ತಾವೇ ಗುರುತಿಸಿಕೊಳ್ಳುತ್ತಾರೆ.

ಹಣೆಪಟ್ಟಿಯ ನಿಜವಾದ ಬೆಲೆ ನನಗೆ ಅರ್ಥವಾದದ್ದು ಒಹಾಯೋದ ‘ಹೌಸ್ ಬಿಲ್ 6’ ಎಂಬ ಮಸೂದೆಯ ಪ್ರಕರಣದಲ್ಲಿ. 2019ರ ಜುಲೈನಲ್ಲಿ ರಾಜ್ಯ ಶಾಸಕಾಂಗ ಎರಡು ಅಣುವಿದ್ಯುತ್ ಸ್ಥಾವರಗಳನ್ನು ಉಳಿಸುವ ಹೆಸರಿನಲ್ಲಿ ವಿದ್ಯುತ್ ಗ್ರಾಹಕರ ಮೇಲೆ ನೂರು ಕೋಟಿ ಡಾಲರಿಗೂ ಮೀರಿದ ಹೊರೆ ಹಾಕುವ ಕಾನೂನು ಮಾಡಿತು. ಅದನ್ನು ಜನಮತಕ್ಕೆ ಒಯ್ಯುವ ಹಕ್ಕು 1912ರಿಂದ ನಮ್ಮ ರಾಜ್ಯ ಸಂವಿಧಾನದಲ್ಲಿಯೇ ಇದೆ. ಅದಕ್ಕಾಗಿ ಜನ ಸಹಿ ಸಂಗ್ರಹಕ್ಕೆ ಇಳಿದರು. ಆಗ ಟಿವಿಯಲ್ಲಿ ಮೇಲಿಂದ ಮೇಲೆ ಜಾಹೀರಾತುಗಳು ಬಂದವು: ಚೀನಾ ನಮ್ಮ ವಿದ್ಯುತ್ ಜಾಲದೊಳಗೆ ನುಸುಳುತ್ತಿದೆ, ಸಹಿ ಹಾಕಬೇಡಿ ಎಂದು. ಹೀಗೆ ಒಂದು ಸಾಂವಿಧಾನಿಕ ಹಕ್ಕಿಗೆ ‘ಚೀನಾ’ ಎಂಬ ಹಣೆಪಟ್ಟಿ ಬಿತ್ತು. ಗಡುವಿನೊಳಗೆ ಸಾಕಷ್ಟು ಸಹಿಗಳು ಕೂಡಲಿಲ್ಲ. ಮರುವರ್ಷ ರಾಜ್ಯದ ಕೆಳಮನೆಯ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್ ಅವರನ್ನು ಎಫ್‌ಬಿಐ ಬಂಧಿಸಿತು. ಇದೇ ಕಾನೂನಿಗೆ ಸಂಬಂಧಿಸಿದ ಸುಮಾರು 6 ಕೋಟಿ ಡಾಲರಿನ ಲಂಚದ ಪ್ರಕರಣದಲ್ಲಿ 2023ರಲ್ಲಿ ಅವರಿಗೆ 20 ವರ್ಷ ಜೈಲು ಶಿಕ್ಷೆಯಾಯಿತು. ಅವರು ರಿಪಬ್ಲಿಕನ್. ಆದರೆ 2019ರ ಜನವರಿಯಲ್ಲಿ ಅವರನ್ನು ಸ್ಪೀಕರ್ ಪೀಠಕ್ಕೆ ಏರಿಸಿದ 52 ಮತಗಳಲ್ಲಿ 26 ರಿಪಬ್ಲಿಕನ್ನರದು, 26 ಡೆಮಾಕ್ರಟರದು. ಕೆಂಪು ನೀಲಿ ಎಂದು ಓದುವವನಿಗೆ ಈ ಪ್ರಕರಣ ಎಂದಿಗೂ ಅರ್ಥವಾಗದು. ಯಾರು ಯಾರಿಗೆ ಹಣ ಕೊಟ್ಟರು ಎಂದು ಕೂತು ಲೆಕ್ಕ ಹಾಕುವ ವರದಿಗಾರ ಬೇಕು. ರಾಜ್ಯದ ಕೆಲವು ಪತ್ರಿಕೆಗಳು ಅದರ ಬೆನ್ನು ಹತ್ತಿದ್ದವು. ನಾನು ಚಂದಾ ಕಟ್ಟುತ್ತಿದ್ದ ಪತ್ರಿಕೆಯಲ್ಲಿ ಸಹಿ ಸಂಗ್ರಹದ ಸುದ್ದಿ ಐದನೆಯ ಪುಟದ ಮೂಲೆಯಲ್ಲಿ, ಅಂಗೈ ಅಗಲದ ಜಾಗದಲ್ಲಿ ಬಂದಿತ್ತು.

ಟಿವಿ ಇದೆಯಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಅಲ್ಲಿಯೂ ಒಡೆತನ ಅಷ್ಟೇ ಕಿರಿದಾಗಿದೆ. 2018ರಲ್ಲಿ ಸಿಂಕ್ಲೇರ್ ಸಂಸ್ಥೆಯ ಹತ್ತಾರು ಕೇಂದ್ರಗಳ ನಿರೂಪಕರು ಸುಳ್ಳು ಸುದ್ದಿಯ ಅಪಾಯದ ಬಗ್ಗೆ ಒಂದೇ ಬರಹವನ್ನು ಅಕ್ಷರಶಃ ಒಂದೇ ಮಾತುಗಳಲ್ಲಿ ಓದಿದ ವಿಡಿಯೊ ಆಗ ಎಲ್ಲೆಡೆ ಹರಿದಾಡಿತು. ಆ ಮುಖಗಳೆಲ್ಲ ಅವರವರ ಊರಿಗೆ ಮನೆಯ ಮಗನಂತೆ, ಮಗಳಂತೆ ಪರಿಚಿತವಾದವು. ಮಾತು ಮಾತ್ರ ದೂರದ ಕಚೇರಿಯದು. ಊರಿನ ನಂಬಿಕೆಯನ್ನು ಹೀಗೆ ಎರವಲು ಪಡೆದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಭಾರತದ ಸಂವಿಧಾನದ 19(1)(ಎ) ವಿಧಿಯಲ್ಲಿ ಪತ್ರಿಕೆ ಎಂಬ ಪದವಿಲ್ಲ. ನ್ಯಾಯಾಲಯಗಳು ಅದನ್ನು ಮಾತಿನ ಸ್ವಾತಂತ್ರ್ಯದೊಳಗೆ ಓದಿಕೊಂಡಿವೆ. ಅಮೆರಿಕದಲ್ಲಿ 1791ರ ಮೊದಲ ತಿದ್ದುಪಡಿ ಪತ್ರಿಕೆಯನ್ನು ಹೆಸರಿಟ್ಟೇ ಕಾಪಾಡುತ್ತದೆ. ಆದರೆ ಅದು ಕಟ್ಟುವುದು ಸರ್ಕಾರದ ಕೈಯನ್ನು, ಒಡೆಯನ ಕೈಯನ್ನಲ್ಲ. ಪತ್ರಿಕೆಯನ್ನು ಸರ್ಕಾರ ಮುಚ್ಚಿಸಿದರೆ ನಾನು ಕೋರ್ಟಿಗೆ ಹೋಗಬಹುದು. ಒಡೆಯನೇ ವರದಿಗಾರರನ್ನು ಮನೆಗೆ ಕಳಿಸಿದರೆ ಸಂವಿಧಾನದ ಯಾವ ಬಾಗಿಲನ್ನೂ ತಟ್ಟಲಾಗದು. 1974ರಲ್ಲಿ ಮಯಾಮಿ ಹೆರಾಲ್ಡ್ ಪ್ರಕರಣದಲ್ಲಿ, ಟೀಕೆಗೆ ಗುರಿಯಾದ ಅಭ್ಯರ್ಥಿಯ ಉತ್ತರವನ್ನು ಪತ್ರಿಕೆ ಪ್ರಕಟಿಸಲೇಬೇಕೆಂಬ ಫ್ಲಾರಿಡಾದ ಕಾನೂನನ್ನು ಸುಪ್ರೀಂ ಕೋರ್ಟು ಒಮ್ಮತದಿಂದ ರದ್ದುಪಡಿಸಿತು. ಏನನ್ನು ಅಚ್ಚು ಹಾಕಬೇಕೆಂದು ಸರ್ಕಾರ ಹೇಳಕೂಡದು ಎಂಬ ಆ ತೀರ್ಪನ್ನು ನಾನು ಮನಸಾರೆ ಒಪ್ಪುತ್ತೇನೆ. ಒಡೆತನದ ಪ್ರಶ್ನೆ ಬೇರೆ. 1945ರ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್, ಸರ್ಕಾರದ ಹಸ್ತಕ್ಷೇಪದಿಂದ ಪತ್ರಿಕೆಗೆ ಸಿಕ್ಕ ರಕ್ಷಣೆ ಖಾಸಗಿ ಹಿತಾಸಕ್ತಿಗಳು ಅದೇ ಸ್ವಾತಂತ್ರ್ಯವನ್ನು ಅದುಮಲು ಕೊಟ್ಟ ಅನುಮತಿಯಲ್ಲ ಎಂದು ಬರೆದರು. ಆಮೇಲಿನ ಕಾಲ ಆ ಮಾತಿನಿಂದ ದೂರ ಸರಿಯಿತು. 1996ರ ದೂರಸಂಪರ್ಕ ಕಾಯಿದೆ ರೇಡಿಯೊ ಕೇಂದ್ರಗಳ ರಾಷ್ಟ್ರೀಯ ಮಿತಿಯನ್ನು ತೆಗೆದುಹಾಕಿದ ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಸಂಸ್ಥೆಯ ಬಳಿ ಸಾವಿರಕ್ಕೂ ಹೆಚ್ಚು ಕೇಂದ್ರಗಳಾದವು. ಒಂದೇ ಊರಿನ ದಿನಪತ್ರಿಕೆಯೂ ಟಿವಿ ಕೇಂದ್ರವೂ ಒಬ್ಬನ ಕೈಯಲ್ಲಿರಬಾರದೆಂಬ 1975ರ ನಿಯಮವನ್ನು ಪ್ರಸಾರ ಕ್ಷೇತ್ರದ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ 2017ರಲ್ಲಿ ಕೈಬಿಟ್ಟಿತು; 2021ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಧಾರವನ್ನು ಎತ್ತಿಹಿಡಿಯಿತು.

ಇನ್ನು ವಾರಪತ್ರಿಕೆ. ಇದನ್ನು ನಡೆಸುತ್ತಿರುವವರು ನಮ್ಮ ದಿನಪತ್ರಿಕೆಯಿಂದ ಕೆಲಸ ಕಳೆದುಕೊಂಡ ಇಬ್ಬರು. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಾಯಿಸಿದ್ದಾರೆ. ವರ್ಷಕ್ಕೆ 60 ಡಾಲರ್, ವಾರಕ್ಕೆ 12 ಪುಟ. ಕಳೆದ ವರ್ಷ ಪುರಸಭೆ ನೀರಿನ ದರ ಏರಿಸಲು ಹೊರಟಾಗ ಇವರು ಮುಖಪುಟದಲ್ಲಿ ಒಂದು ಕೋಷ್ಟಕ ಹಾಕಿದರು: ಇಬ್ಬರಿರುವ ಮನೆಗೆ ಎಷ್ಟು, ಐವರಿರುವ ಮನೆಗೆ ಎಷ್ಟು, ಊರಾಚೆಯ ಕಾರ್ಖಾನೆಗೆ ಎಷ್ಟು. ಕಾರ್ಖಾನೆಯ ದರ ಏರಿರಲಿಲ್ಲ. ಮುಂದಿನ ಸೋಮವಾರದ ಸಭೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಬಹಳಷ್ಟು ಜನರ ಕೈಯಲ್ಲಿ ಆ ಪುಟವಿತ್ತು. ಟ್ರಂಪ್ ಹೆಸರಿನ ಟೋಪಿ ಹಾಕಿದ ನಿವೃತ್ತ ಲಾರಿ ಚಾಲಕರೊಬ್ಬರು ಮತ್ತು ಡೆಮಾಕ್ರಟಿಕ್ ಪಕ್ಷದ ಫಲಕವನ್ನು ಅಂಗಳದಲ್ಲಿ ನೆಟ್ಟಿರುವ ನಮ್ಮ ಬೀದಿಯ ಶಿಕ್ಷಕಿಯೊಬ್ಬರು ಒಬ್ಬರಾದ ಮೇಲೊಬ್ಬರು ಎದ್ದು ಒಂದೇ ಸಾಲನ್ನು ಬೆರಳಿಟ್ಟು ತೋರಿಸಿ ಒಂದೇ ಪ್ರಶ್ನೆ ಕೇಳಿದರು. ಪ್ರಸ್ತಾವ ಮರುಪರಿಶೀಲನೆಗೆ ಹೋಯಿತು.

ಕೊರತೆಗಳು ಇದರಲ್ಲೂ ಇವೆ. ಅಚ್ಚಿನ ತಪ್ಪುಗಳು ಹೇರಳ. ನ್ಯಾಯಾಲಯದ ಸುದ್ದಿ ಇಲ್ಲವೇ ಇಲ್ಲ. ಒಬ್ಬರಿಗೆ ಜ್ವರ ಬಂದರೆ ಅರ್ಧ ಪತ್ರಿಕೆ ಸೊರಗುತ್ತದೆ. ದೇಣಿಗೆಯಿಂದ ನಡೆಯುವ ಪತ್ರಿಕೆ ದಾನಿಗಳ ಬಗ್ಗೆ ಎಷ್ಟು ನಿಷ್ಠುರವಾಗಿರಬಲ್ಲದು ಎಂಬ ಆತಂಕ ನನಗಿದೆ. ದಾನಿಗಳ ಪಟ್ಟಿಯನ್ನು ಅವರು ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ, ತಿದ್ದುಪಡಿಗಳನ್ನು ಮುಖಪುಟದಲ್ಲೇ ಹಾಕುತ್ತಾರೆ. ಸದ್ಯಕ್ಕೆ ನನಗೆ ಅಷ್ಟು ಸಾಕಾಗಿದೆ.

ಚಿಕ್ಕ ಪತ್ರಿಕೆಗಳನ್ನು ಕಾಡುವುದು ಹಣದ ಚಿಂತೆಯೊಂದೇ ಅಲ್ಲ. ಕ್ಯಾನ್ಸಸ್‌ನ ‘ಮೇರಿಯನ್ ಕೌಂಟಿ ರೆಕಾರ್ಡ್’ ಎಂಬ ವಾರಪತ್ರಿಕೆಯ ಕಚೇರಿಗೂ ಪ್ರಕಾಶಕರ ಮನೆಗೂ 2023ರ ಆಗಸ್ಟ್ 11ರಂದು ಪೊಲೀಸರು ನುಗ್ಗಿ ಕಂಪ್ಯೂಟರುಗಳನ್ನೂ ಫೋನುಗಳನ್ನೂ ಹೊತ್ತೊಯ್ದರು; ಆ ಮನೆಯಲ್ಲಿದ್ದ 98 ವರ್ಷದ ಸಹಮಾಲೀಕರು ಮರುದಿನ ತೀರಿಕೊಂಡರು. ಆ ವಾರದ ಸಂಚಿಕೆ ಆದರೂ ಹೊರಬಂತು. ಶೋಧಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಕೌಂಟಿಯ ಸರ್ಕಾರಿ ವಕೀಲರೇ ಹೇಳಿ ವಸ್ತುಗಳನ್ನು ಹಿಂದಿರುಗಿಸಬೇಕಾಯಿತು. ಮೊದಲ ತಿದ್ದುಪಡಿ ಕೆಲಸಕ್ಕೆ ಬರುವುದು ಇಂಥಲ್ಲಿ, ಅದನ್ನು ಬಳಸಿಕೊಳ್ಳಲು ಊರಿನಲ್ಲಿ ಒಂದು ಪತ್ರಿಕೆ ಉಳಿದಿದ್ದಾಗ.

ದಿನಪತ್ರಿಕೆಗೆ ಐದರಲ್ಲಿ ಒಂದೂವರೆ ಅಂಕ. ಆ ಒಂದೂವರೆಯೂ ಉಳಿದಿರುವ ಇಬ್ಬರು ವರದಿಗಾರರಿಗಾಗಿ. ಅವರ ಸಲುವಾಗಿಯೇ ಅಂತರ್ಜಾಲ ಆವೃತ್ತಿಯ ಚಂದಾವನ್ನು ಇನ್ನೂ ಆರು ತಿಂಗಳು ಉಳಿಸಿಕೊಂಡಿದ್ದೇನೆ. ವಾರಪತ್ರಿಕೆಗೆ ನಾಲ್ಕು ಅಂಕ. ಅದಕ್ಕೆ ಎರಡು ವರ್ಷದ ಚಂದಾವನ್ನು ಮುಂಗಡವಾಗಿ ಕಟ್ಟಿ, ಮಗಳ ಶಾಲೆಯ ಗ್ರಂಥಾಲಯಕ್ಕೂ ಒಂದು ಪ್ರತಿ ಹೋಗುವಂತೆ ವಿಳಾಸ ಬರೆದುಕೊಟ್ಟು ಬಂದಿದ್ದೇನೆ.